ಹದಿನೇಳು ಒಂದು

ಒಂದರ ಬಾಜೂಕ ಒಂದು, ಹಂಗೇ ಸಾಲಾಗಿ ಹದಿನೇಳು ಒಂದು ಬರೆಯಿರಿ ಅಂತ ಯಾರಿಗಾದರೂ ಹೇಳಿ ನೋಡಿ. ಅರ್ಧ ಜನ ಹದಿನಾರು ಬರೆದು ಪೆನ್ನು ಕೆಳಗಿಡುತ್ತಾರೆ, ಉಳಿದವರು ಹದಿನೆಂಟು ಬರೆದು ಜಂಬ ಪಡುತ್ತಾರೆ. ನಾನು ಹದಿನಾರು ಬರೆದವರ ಪೈಕಿ. ಖಾನಾಪುರದ ಹೈಸ್ಕೂಲಿಗೆ ಕನ್ನಡ ಕಲಿಸಲು ಸೇರಿದ ಹೊಸದರಲ್ಲಿ, ಸ್ಟಾಫ್ ರೂಮಿನಲ್ಲಿ ಎದುರು ಕೂತಿದ್ದ ಗಣಿತದ ಸರ್ ನನ್ನ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದರು.

"ಒಂದು ಕಡಿಮಿ ಬಿತ್ರಿ ಅಕ್ಕಾರ. ಹದಿನಾರು ಆದ್ರ ಅದು ಪುಕ್ಕಟೆ ಒಡೀತದ. ಅದನ್ನ ಯಾರು ಬೇಕಾದ್ರೂ ಒಡೀಬಹುದು. ಹದಿನೇಳು ಬರೀರಿ."

ಇದೇನು ಗ್ರಹಚಾರವಪ್ಪಾ, ಕೆಲಸಕ್ಕೆ ಸೇರಿ ಇನ್ನೂ ಮಸ್ಟರಿಗೆ ಸರಿಯಾಗಿ ಸಹಿ ಹಾಕಿಲ್ಲ, ಆಗಲೇ ನನಗೊಂದು ಪರೀಕ್ಷೆ ಅಂದುಕೊಂಡೆ. ಸಿಟ್ಟೂ ಬಂತು. ಆದರೂ ಹದಿನೇಳನೆಯದನ್ನು ಬರೆದೆ. ಆಮೇಲೆ ಆ ಮನುಷ್ಯನ ಜೊತೆ ನನ್ನ ನೌಕರಿ ಪೂರ್ತಿ ಕಳೆಯಿತು, ನಿವೃತ್ತಿಯ ವರ್ಷಗಳೂ ಕಳೆದವು. ಈಗ ಅವರಿಲ್ಲ. ಈ ಸಲ ಮಳೆ ಹಿಡಿಯುವ ಮುಂಚೆ ಲಿಂಗೈಕ್ಯರಾದರು. ಅವರ ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಸಂಕೋಚವಾಗುತ್ತಿತ್ತು. ಖಾನಾಪುರದ ಕಡೆ ಯಾರಿಗೂ ಆ ಹೆಸರು ನೆನಪಿರಲಿಕ್ಕೂ ಇಲ್ಲ. ಅಲ್ಲಿ ಅವರು ಎಲ್ಲರಿಗೂ "ಒಂದು ಸರ್".

ಹೆಸರು ಹುಡುಗರು ಇಟ್ಟದ್ದು, ಸುಮ್ಮನೆ ಇಟ್ಟದ್ದಲ್ಲ. ಆಳು ಎತ್ತರ, ಸಣಕಲು, ಬೆನ್ನು ನೆಟ್ಟಗೆ. ಹಣೆಯ ಮೇಲೆ ವಿಭೂತಿ, ಮೈಮೇಲೆ ಅರ್ಧ ತೋಳಿನ ಬಿಳಿ ಅಂಗಿ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಯಾರೋ ನೆಟ್ಟು ಹೋದ ಹಾಗೆ ಕಾಣುತ್ತಿದ್ದರು. ಬೋರ್ಡಿನ ಮೇಲೆ ಒಂದು ಬರೆಯುವಾಗ ಅದಕ್ಕೆ ತಲೆಯಿಲ್ಲ, ಬಾಲವಿಲ್ಲ. ಮೇಲಿಂದ ಕೆಳಕ್ಕೆ ಒಂದೇ ಗೀಟು. ಉಳಿದ ಅಂಕಿಗಳ ಮೇಲೆ ಅವರಿಗೆ ಅಷ್ಟೇನೂ ಪ್ರೀತಿ ಇರಲಿಲ್ಲ. ಎಂಟನ್ನಂತೂ "ಅದು ಎಲ್ಲೆ ಬೇಕಾದಲ್ಲಿ ಒಡದು ಕುಂದರೂ ಗಿರಾಕಿ" ಅಂತ ಬೈಯುತ್ತಿದ್ದರು.

ಅವರ ಸಿದ್ಧಾಂತ ಸರಳ. ಎರಡು ಒಂದು ಜೋಡಿಯಾಗಿ ನಿಂತರೆ ಹನ್ನೊಂದು. ಅದನ್ನು ಯಾರಿಂದಲೂ ಸರಿಯಾಗಿ ಭಾಗಿಸಲು ಆಗುವುದಿಲ್ಲ. "ಮೂರನೇದಾಂವ ಬಂದು ನಡುವ ನಿಂತ ಅಂದ್ರ ನೂರಾ ಹನ್ನೊಂದು. ಮೂವತ್ತೇಳು ಮೂರ್ಲೆ, ಮುಗೀತು, ಸಂಸಾರ ಒಡೀತು," ಅನ್ನುತ್ತಿದ್ದರು. ನಾಲ್ಕು ಒಂದು ಹನ್ನೊಂದರಿಂದಲೇ ಒಡೆಯುತ್ತದೆ. ಐದು ಒಂದು ನಲವತ್ತೊಂದರಿಂದ ಒಡೆಯುತ್ತದೆ. ಏಳು ಒಂದು ಇನ್ನೂರಾ ಮೂವತ್ತೊಂಬತ್ತರಿಂದ. ಹನ್ನೊಂದು ಒಂದನ್ನೂ ಹದಿಮೂರು ಒಂದನ್ನೂ ಕಾಲೇಜು ಓದುವಾಗ ತಾವೇ ಕೈಯಿಂದ ಭಾಗಿಸಿ ಭಾಗಿಸಿ ಒಡೆದಿದ್ದರಂತೆ. ಹದಿನೇಳಕ್ಕೆ ಬಂದರು, ಅಲ್ಲೇ ಕೂತುಬಿಟ್ಟರು. ಮದುವೆ ಮನೆಗಳಿಗೆ ಹೋದರೆ ಎಲ್ಲರೂ ನೂರು ವರ್ಷ ಬಾಳಿ ಅನ್ನುವಾಗ ಇವರು ಅಕ್ಷತೆ ಹಾಕಿ, "ಹನ್ನೊಂದಾಗಿ ಇರ್ರಿ," ಅನ್ನುತ್ತಿದ್ದರು. ಮದುಮಗ ಹನ್ನೊಂದು ಮಕ್ಕಳು ಅಂತ ತಿಳಿದು ಗಾಬರಿಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹದಿನೇಳು ಒಂದನ್ನು ಒಡೆಯುವ ಸಂಖ್ಯೆ ಇದ್ದರೆ ಅದು ಎಲ್ಲೆಲ್ಲೋ ಇರಲು ಸಾಧ್ಯವಿಲ್ಲವಂತೆ. ಅದು ಅವಿಭಾಜ್ಯ ಸಂಖ್ಯೆಯಾಗಿರಬೇಕು, ಮೇಲಾಗಿ ಮೂವತ್ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಬೇಕು. ಯಾಕೆ ಅಂತ ನನಗೆ ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ, ತಲೆಗೇನೂ ಹೋಗಿರಲಿಲ್ಲ. ನೂರಾ ಮೂರು, ನೂರಾ ಮೂವತ್ತೇಳು, ಇನ್ನೂರಾ ಮೂವತ್ತೊಂಬತ್ತು, ಹೀಗೆ ಆ ಪಾಳಿ ಹೊರಡುತ್ತದೆ. ಒಂದೊಂದರಿಂದಲೂ ಹದಿನೇಳು ಒಂದನ್ನು ಭಾಗಿಸಿ ನೋಡಬೇಕು. ಶೇಷ ಸೊನ್ನೆ ಬಂದರೆ ಒಡೆಯಿತು. ಬರದಿದ್ದರೆ ಮುಂದಿನದು. ಎಲ್ಲಿಯವರೆಗೆ? "ಹತ್ತು ಕೋಟಿ ದಾಟೂತನಕಾರೀ. ಅಲ್ಲೀತನಕ ಯಾವುದಕ್ಕೂ ಬಗ್ಗಲಿಲ್ಲ ಅಂದ್ರ ಅದು ಹನ್ನೊಂದರಂಗ ಖರೇ ಗಟ್ಟಿ," ಅಂದರು.

"ಅಷ್ಟು ನಿಮ್ಮ ಕೈಲೆ ಆಗ್ತದೇನ್ರಿ?" ಅಂತ ಕೇಳಿದೆ.

"ನನ್ನ ಕೈಲೆ ಎಲ್ಲೆ ಆಗ್ತದ? ಹುಡುಗರದಾರಲ್ಲ."

ಅದೇ ಅವರ ಶನಿವಾರದ ಪದ್ಧತಿ. ಶನಿವಾರ ಮುಂಜಾನೆಯ ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ ಎಂಟನೇ ಇಯತ್ತೆಯ ಒಂದೊಂದು ಮಗುವಿಗೆ ಒಂದೊಂದು ಸಂಖ್ಯೆ. ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದ ತರಗತಿಯೂ ಇತ್ತು, ಮರಾಠಿ ಮಾಧ್ಯಮದ್ದೂ ಇತ್ತು. ಒಂದೇ ಸಂಖ್ಯೆಯನ್ನು ಕನ್ನಡದ ಕೋಣೆಯ ಒಂದು ಮಗುವಿಗೂ ಮರಾಠಿ ಕೋಣೆಯ ಇನ್ನೊಂದು ಮಗುವಿಗೂ ಕೊಡುತ್ತಿದ್ದರು. ನಡುವೆ ಗೋಡೆ, ಕಾಪಿ ಹೊಡೆಯುವ ಮಾತೇ ಇಲ್ಲ. ಇವರು ಶೇಷ ಅನ್ನುತ್ತಿದ್ದರು, ಅವರು ಬಾಕಿ ಅನ್ನುತ್ತಿದ್ದರು. ಗಂಟೆ ಹೊಡೆದ ಮೇಲೆ ಜೋಡಿಗಳು ವರಾಂಡದಲ್ಲಿ ಕೂಡಬೇಕು. ಶೇಷವೂ ಬಾಕಿಯೂ ಒಂದೇ ಆದರೆ ಆ ಸಂಖ್ಯೆಯನ್ನು ಹೊಡೆದು ಹಾಕುತ್ತಿದ್ದರು. ಬೇರೆಯಾದರೆ ಇಬ್ಬರೂ ಮತ್ತೆ ಮೊದಲಿಂದ. ಒಬ್ಬರ ಲೆಕ್ಕ ಅಲ್ಲಿ ಲೆಕ್ಕವೇ ಅಲ್ಲ, ಸರ್ ಒಬ್ಬರೇ ಮಾಡಿದರೂ ಅಲ್ಲ. ಒಂದು ಸಲ ಊರಿನಲ್ಲಿ ಭಾಷೆಯ ಗಲಾಟೆ ಎದ್ದು ಅಂಗಡಿಗಳೆಲ್ಲ ಮುಚ್ಚಿದ್ದವು. ಆ ಶನಿವಾರವೂ ವರಾಂಡದಲ್ಲಿ ಹುಡುಗರು ಶೇಷ-ಬಾಕಿ ತಾಳೆ ಹಾಕುತ್ತ ನಿಂತಿದ್ದರು.

ಯಾರಿಗಾದರೂ ಸೊನ್ನೆ ಬಂದರೆ ನೋಡಬೇಕಿತ್ತು. ಆ ಮಗು ಚಪ್ಪಲಿ ಒಂದು ಕಡೆ, ತಾನೊಂದು ಕಡೆ ಓಡಿ ಬರುತ್ತಿತ್ತು. ಸರ್ ಪ್ರತಿ ಸಲವೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಆಮೇಲೆ ಜೋಡಿಯವನ ಬಾಕಿ ಬೇರೆ ಬಂದು, ಮಗುವಿನ ತಪ್ಪು ಸಿಕ್ಕು, ಮತ್ತೆ ಕೂರುತ್ತಿದ್ದರು. ಇಷ್ಟು ವರ್ಷ ಸುಳ್ಳು ಸೊನ್ನೆಗಳನ್ನು ಕಂಡ ಮೇಲೂ ಯಾಕೆ ಏಳುತ್ತೀರಿ ಅಂತ ಒಮ್ಮೆ ಕೇಳಿದ್ದಕ್ಕೆ, "ಬಂದೇ ಬಿಟ್ಟಿದ್ರ? ಕುಂತಾಂವ ಕುಂತಂಗ ಇರೂದು ಚಂದ ಕಾಣೂದಿಲ್ರಿ," ಅಂದರು.

ತಪಾಸಣೆಗೆ ಬಂದ ಸಾಹೇಬರೊಬ್ಬರು ಇದೆಲ್ಲ ಪಠ್ಯದಲ್ಲಿ ಐತೇನು ಅಂತ ಗದರಿಸಿದರು. ನಮ್ಮ ಸರ್ ಕೈಕಟ್ಟಿ ನಿಂತು, "ಭಾಗಾಕಾರ ಐತ್ರಿ ಸಾಹೇಬ್ರ. ಎಷ್ಟು ಉದ್ದಂದು ಮಾಡಬೇಕಂತ ಬರದಿಲ್ರಿ," ಅಂದರು. ಸಾಹೇಬರಿಗೂ ಒಂದು ಸಂಖ್ಯೆ ಕೊಟ್ಟು ಕೂರಿಸಿದರು ಅಂತ ಹುಡುಗರು ಹಬ್ಬಿಸಿದ್ದು ಸುಳ್ಳು. ಆದರೆ ಹೊಸದಾಗಿ ಬಂದ ಮಾಸ್ತರರನ್ನು ಮಾತ್ರ ಬಿಡುತ್ತಿರಲಿಲ್ಲ. ನನಗೆ ಕೊಟ್ಟದ್ದು ನೂರಾ ಮೂವತ್ತೇಳು. ಅದು ಎಂದೋ ಹೊಡೆದು ಹಾಕಿದ ಸಂಖ್ಯೆ, ನನ್ನ ಕೈ ಪರೀಕ್ಷೆ ಮಾಡಲು ಕೊಟ್ಟದ್ದು. ಬೆವರು ಒರೆಸಿಕೊಂಡು ಭಾಗಿಸಿದೆ. ಒಂದು ಉಳಿಯಿತು.

"ನೋಡ್ರಿ ಅಕ್ಕಾರ, ಒಂದೇ ಒಂದರಾಗ ತಪ್ಪಿಸಿಕೊಂಡದ," ಅಂತ ಮರುದಿನ ಬೆಳಗಾವಿಯ ಸಿಹಿ ಕುಂದಾ ತಂದು ಕೊಟ್ಟರು. ಶೇಷ ಒಂದು ಬಂದವರಿಗೆ ಕುಂದಾ ಅನ್ನುವುದು ಅವರ ನಿಯಮ. ದೊಡ್ಡ ಸಂಖ್ಯೆಗಳಿಗೆ ಒಂದೇ ಉಳಿಯುವುದು ಅಪರೂಪ, ಹಾಗಾಗಿ ಆ ನಿಯಮದಿಂದ ಅವರ ಕಿಸೆಗೇನೂ ಭಾರವಾಗಲಿಲ್ಲ. ಹಾಗಂತ ಛೇಡಿಸಿದರೆ ನಗುತ್ತಿದ್ದರು.

ಖಾನಾಪುರದ ಪ್ಯಾಟಿಯಲ್ಲಿ ಅವರ ಜೊತೆ ನಡೆಯುವುದೆಂದರೆ ಹೊಸಬರಿಗೆ ವಿಚಿತ್ರ, ಅಲ್ಲಿ ಎಲ್ಲೆಲ್ಲೂ ಅವರ ಹಳೆಯ ವಿದ್ಯಾರ್ಥಿಗಳು. ತರಕಾರಿ ಮಾರುವವಳು, "ನಮಸ್ಕಾರ್ರಿ ಸರ್, ನಂದು ಶೇಷ ಮುನ್ನೂರಾ ಎಂಟು," ಅನ್ನುವಳು. ಬಸ್ಸಿನ ಕಂಡಕ್ಟರ್ ಮರಾಠಿಯಲ್ಲಿ ತನ್ನ ಬಾಕಿ ಹೇಳಿ ಸೀಟು ಕೊಡುವನು. ತಂತಮ್ಮ ಮಕ್ಕಳ ಜನ್ಮದಿನ ಮರೆತರೂ ಶೇಷ ಮರೆಯುತ್ತಿರಲಿಲ್ಲ ಆ ಜನ. ಸ್ಟೇಷನ್ ರೋಡಿನಲ್ಲಿ ಟಾಯರ್ ಅಂಗಡಿ ಇಟ್ಟ ಇಮ್ತಿಯಾಜ್ ಅಂತೂ ತನ್ನ ಶೇಷವನ್ನು ಅಂಗಡಿಯ ಬೋರ್ಡಿನ ಮೂಲೆಯಲ್ಲಿ ಬರೆಸಿದ್ದ. ಗಿರಾಕಿಗಳು ಅದನ್ನು ಫೋನ್ ನಂಬರ್ ಅಂದುಕೊಂಡು ಅಂಕಿ ಸಾಲದು ಅಂತ ಜಗಳ ತೆಗೆಯುತ್ತಿದ್ದರು.

ಸರ್ ನಿವೃತ್ತರಾದ ಮೇಲೆ ಶನಿವಾರದ ಪದ್ಧತಿ ನಿಂತಿತು. ಹೊಸ ಮಾಸ್ತರರು ಒಳ್ಳೆಯವರೇ, ಆದರೆ ಅವರಿಗೆ ಅದರಲ್ಲಿ ರುಚಿ ಹತ್ತಲಿಲ್ಲ. ಮರುವರ್ಷ ಸರ್ ಅವರ ಹೆಂಡತಿ ತೀರಿಕೊಂಡರು. ಮಣ್ಣು ಮಾಡಿ ಬಂದ ದಿನ ಕಟ್ಟೆಯ ಮೇಲೆ ಕೂತು, "ಹನ್ನೊಂದರಾಗ ಒಂದು ಹೋತ್ರಿ ಅಕ್ಕಾರ," ಅಂದರು. ಕತ್ತಲಾಗುವ ತನಕ ಬಾಜೂಕ ಕೂತು ಬಂದೆ. ಸ್ವಲ್ಪ ದಿನದ ಮೇಲೆ ಅವರದೇ ಫೋನ್ ಬಂತು. "ಜೋಡಿ ಆಗ್ತೀರೇನ್ರಿ? ನಾ ಒಬ್ಬಾಂವ ಮಾಡಿದ್ರ ನಡಿಯೂದಿಲ್ಲ." ಅಷ್ಟರಲ್ಲಿ ನಾನೂ ನಿವೃತ್ತಳಾಗಿ ಬೆಳಗಾವಿಯ ಹಿಂದವಾಡಿಯ ಮನೆಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದೆ. ಆಗಲಿ ಅಂದೆ. ಮುಂಜಾನೆ ಅವರು ಸಂಖ್ಯೆಗಳನ್ನು ಹೇಳುತ್ತಿದ್ದರು, ಇಬ್ಬರೂ ನಮ್ಮ ನಮ್ಮ ಮನೆಯಲ್ಲಿ ಭಾಗಿಸಿ, ಸಂಜೆ ಫೋನಿನಲ್ಲಿ ಶೇಷ ತಾಳೆ ಹಾಕುತ್ತಿದ್ದೆವು. ಕನ್ನಡದವಳಾದ ನಾನು ಆ ವಯಸ್ಸಿನಲ್ಲಿ ಭಾಗಾಕಾರದಲ್ಲಿ ಪಳಗಿದೆ.

"ಸರ್, ಇದನ್ನ ಮೊಬೈಲ್‌ಗೆ ಕೇಳಿದ್ರ ಹೇಳ್ತದಂತಲ್ರಿ," ಅಂತ ಒಮ್ಮೆ ಬಾಯಿಬಿಟ್ಟೆ.

"ಹೇಳ್ತದ. ಕೇಳಬ್ಯಾಡ್ರಿ. ಕೇಳಿದ್ರೂ ನನಗ ಹೇಳಬ್ಯಾಡ್ರಿ. ಇಷ್ಟು ಹುಡುಗರು ಕುಂತು ಭಾಗಿಸ್ಯಾರ. ಒಂದು ಗುಂಡಿ ಒತ್ತಿ ಅವರ ಶನಿವಾರ ಎಲ್ಲಾ ನೀರಾಗ ಹಾಕಾಕ ನಾ ತಯಾರಿಲ್ಲ. ನನ್ನ ಕೈಲೆ ಆಗೂವಷ್ಟು ನಾ ಹೋಗ್ತೀನಿ. ಒಡದ್ರ ನನ್ನ ಕೈಯಾಗ ಒಡೀಲಿ."

ಆಮೇಲೆ ಆ ಕೈಗೇ ಪಾರ್ಕಿನ್ಸನ್ ಬಂತು. ಮೊದಲು ಚಹಾದ ಬಸಿ ನಡುಗಿತು, ಆಮೇಲೆ ಪೆನ್ಸಿಲ್ಲು. ಒಬ್ಬರೇ ಇರುವುದು ಬೇಡ ಅಂತ ಮಗಳು ಗಿರಿಜಾ ಅವರನ್ನು ಬೆಳಗಾವಿಗೆ, ರಾಮತೀರ್ಥ ನಗರದ ತನ್ನ ಮನೆಗೆ ಕರೆತಂದಳು. ಫೋನಿನಲ್ಲಿ ಅವರ ಮಾತು ತೊದಲತೊಡಗಿದ ಮೇಲೆ ನಾನೇ ಮಧ್ಯಾಹ್ನದ ಹೊತ್ತು ಆಟೋ ಹಿಡಿದು ಹೋಗತೊಡಗಿದೆ. ಅವರು ಕಿಟಕಿ ಹತ್ತಿರದ ಮೇಜಿಗೆ, ನಾನು ಊಟದ ಮೇಜಿಗೆ. ಆಗ ಹತ್ತೊಂಬತ್ತು ಲಕ್ಷದ ಸಂಖ್ಯೆಗಳು ನಡೆದಿದ್ದವು.

ಒಂದು ದಿನ ಇಮ್ತಿಯಾಜ್ ಹಿಂದವಾಡಿಗೆ ನನ್ನ ಮನೆ ಹುಡುಕಿಕೊಂಡು ಬಂದ. ಕೈಗೆ ಗ್ರೀಸು ಹಾಗೇ ಇತ್ತು. ಕುಂದರು ಅಂದರೂ ಕೂರಲಿಲ್ಲ.

"ಅಕ್ಕಾರ, ಕೆಲಸ ಕೆಟ್ಟೈತ್ರಿ. ಸುಮ್ಮ ಕುಂತಾಗ ಸರ್ ಅವರ ಹದಿನೇಳು ಒಂದನ್ನ ಫೋನಿಗೆ ಹಾಕಿ ಕೇಳಿದ್ನಿ. ಚಾ ಆರೂದ್ರೊಳಗ ಹೇಳಿಬಿಡ್ತು. ಅದು ಒಡೀತೈತ್ರಿ."

"ಯಾವುದರಿಂದೋ?"

ಅವನು ಅಂಗೈಯಲ್ಲಿ ಬರೆದುಕೊಂಡದ್ದನ್ನು ತೋರಿಸಿದ. ಇಪ್ಪತ್ತು ಲಕ್ಷ ಎಪ್ಪತ್ತೊಂದು ಸಾವಿರದ ಏಳುನೂರಾ ಇಪ್ಪತ್ಮೂರು. ಜೋಡಿಗೆ ಇನ್ನೊಂದು, ಐನೂರು ಕೋಟಿಗೂ ಮೇಲಿನದು. ಹತ್ತು ಕೋಟಿಯ ದಾರಿ ಅಂದುಕೊಂಡು ಹೊರಟ ಮನುಷ್ಯ ಹತ್ತೊಂಬತ್ತು ಲಕ್ಷದಲ್ಲಿದ್ದಾರೆ. ಬಾಗಿಲು ಅಲ್ಲೇ, ನಾಲ್ಕು ಮನೆ ಆಚೆ ಇದೆ. ಅವರಿಗೆ ಗೊತ್ತಿಲ್ಲ, ಹೇಳಬೇಡಿ ಅಂತ ಅವರೇ ಹೇಳಿದ್ದಾರೆ.

ಇಮ್ತಿಯಾಜನಿಗೆ ತಡೆದುಕೊಳ್ಳಲು ಆಗಲಿಲ್ಲ. ಹಳೆಯ ವಿದ್ಯಾರ್ಥಿಗಳದೊಂದು ವಾಟ್ಸಾಪ್ ಗುಂಪಿತ್ತು, ಕನ್ನಡ ಮರಾಠಿ ಎರಡೂ ಕಡೆಯವರು ಇದ್ದದ್ದು. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಸರ್‌ಗೆ ಯಾರೂ ಹೇಳಬಾರದು ಅಂತಲೂ ಅವರೇ ಮಾತಾಡಿಕೊಂಡರು. ಅಲ್ಲಿಂದ ನನ್ನ ಪಾಡು ಕೇಳಬೇಡಿ. ಆಟೋದಲ್ಲಿ ಕೂತು ಮನೆಗೆ ಬರುವಷ್ಟರಲ್ಲಿ ಫೋನು ಗುಂಯ್‌ಗುಡುತ್ತಿತ್ತು. ಇವತ್ತು ಎಲ್ಲಿಗೆ ಬಂದರು, ಇನ್ನೆಷ್ಟು ಉಳಿಯಿತು, ಕೈ ಹೆಂಗಿದೆ. ಸರ್‌ಗೆ ಅವಸರವಿರಲಿಲ್ಲ; ಅವಸರವೆಲ್ಲ ನಮ್ಮದು.

ಯಾಕೆಂದರೆ ಕೈ ಸೋಲುತ್ತಿತ್ತು. ಮೊದಲು ದಿನಕ್ಕೆ ಹತ್ತು ಸಂಖ್ಯೆ ಮುಗಿಸುತ್ತಿದ್ದವರು ಐದಕ್ಕೆ ಇಳಿದರು, ಆಮೇಲೆ ಎರಡಕ್ಕೆ. ಒಂದು ಎರಡಾಗಿ ಕಾಣುವಂತೆ ಗೀಟು ಕೊಂಕುತ್ತಿತ್ತು. ಗಿರಿಜಾ ನನ್ನನ್ನು ಅಡುಗೆಮನೆಗೆ ಕರೆದು, "ಮಾವಶಿ, ಅದನ್ನ ನಾಳೆ ಪಾಳಿಯೊಳಗ ಸೇರಿಸಿಬಿಡ್ರಿ. ಅಪ್ಪಾಗ ಏನ್ ತಿಳೀತೈತಿ," ಅಂದಳು. ಸಂಖ್ಯೆಗಳ ಪಾಳಿಯನ್ನು ಅವರೇ ಹಚ್ಚಿ ಇಟ್ಟಿದ್ದರು, ಅದಕ್ಕೆ ಯಾರು ಕೈ ಹಾಕುವುದು? ನಾನೇ ಧೈರ್ಯ ಮಾಡಿ, "ಸರ್, ನಡುವ ಒಂದಿಷ್ಟು ಬಿಟ್ಟು ಮುಂದ ಹೋಗೂಣೇನ್ರಿ?" ಅಂತ ಕೇಳಿದೆ.

"ಪಾಳಿ ಜಿಗೀಬಾರದು ಅಕ್ಕಾರ. ರೇಶನ್ ಅಂಗಡಿಯಾಗ ನಿಮ್ಮನ್ನ ದಾಟಿ ಒಬ್ಬಾಂವ ಮುಂದ ಹ್ವಾದ್ರ ನೀವು ಸುಮ್ಮನಿರ್ತೀರೇನು?"

ನಾನು ಭಾಗಿಸುವುದು ಬಿಟ್ಟರೆ ಬೇರೇನೂ ಮಾಡುವ ಹಾಗಿರಲಿಲ್ಲ. ಕಾಯುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು, ಶೇಷ ಹೇಳುವುದು. ಅವರ ಲೆಕ್ಕ ತಪ್ಪಿದರೆ ಇಬ್ಬರೂ ಮತ್ತೆ ಮೊದಲಿಂದ. ದೇವರ ಮುಂದೆ ಕೂತಾಗ ಆರೋಗ್ಯ ಕೊಡು ಅಂತ ಬೇಡುವುದನ್ನು ಬಿಟ್ಟು, ಇಪ್ಪತ್ತು ಲಕ್ಷ ಎಪ್ಪತ್ತೊಂದು ಸಾವಿರ ದಾಟಿಸಪ್ಪಾ ಅಂತ ಬೇಡತೊಡಗಿದ್ದೆ.

ದಾಟಿಸಿದ. ಒಂದು ಮಧ್ಯಾಹ್ನ ಅವರು ಕನ್ನಡಕ ಸರಿಮಾಡಿಕೊಂಡು, "ಇವತ್ತಿಂದು ಬರಕೋರಿ," ಅಂದು ಅದೇ ಸಂಖ್ಯೆ ಓದಿದರು. ಗಿರಿಜಾ ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನನ್ನದು ಬೇಗ ಮುಗಿಯಿತು. ಕೊನೆಯ ಸಾಲಿನಲ್ಲಿ ಒಂದು ಕೋಟಿ ನಲವತ್ತೈದು ಲಕ್ಷ ಎರಡು ಸಾವಿರದ ಅರವತ್ತೊಂದು ಉಳಿದಿತ್ತು, ಅದರ ಕೆಳಗೆ 'ಏಳ್ಲೆ', ಅಂದರೆ ಆ ಸಂಖ್ಯೆಯ ಏಳರಷ್ಟು, ಬರೆದರೆ ಅಷ್ಟೇ, ಅಂಕಿಗೆ ಅಂಕಿ ಸರಿಯಾಗಿ ಕೂತಿತು. ಗೊತ್ತಿದ್ದರೂ ಇನ್ನೊಮ್ಮೆ ಬೆರಳಿಟ್ಟು ನೋಡಿದೆ.

ಅವರ ಕಾಗದದ ಕಡೆ ನೋಡಬಾರದಿತ್ತು, ಕತ್ತು ಚಾಚಿ ನೋಡಿದೆ. ಮೂರನೆಯ ಕಳೆಯುವ ಲೆಕ್ಕದಲ್ಲಿದ್ದರು. ಬಾಜೂಕಿನ ಒಂಬತ್ತರಿಂದ ಒಂದು ತಂದರು. ಆ ಒಂಬತ್ತು ಎಂಟಾಗಬೇಕಿತ್ತು, ಅವರು ಒಂಬತ್ತು ಅಂತಲೇ ಹಿಡಿದರು. ಐದು ಬರುವಲ್ಲಿ ಆರು ಬಂತು. ನಾನು ಕೆಮ್ಮಿದೆ. ನೀರು ಕುಡೀರಿ ಅಕ್ಕಾರ ಅಂದರು, ಮುಂದೆ ಹೋದರು. ಅಲ್ಲಿಂದ ಆಚೆ ಒಂದೂ ತಪ್ಪು ಮಾಡಲಿಲ್ಲ. ಅಷ್ಟು ಚೊಕ್ಕ ಭಾಗಾಕಾರ ಅವರು ತಿಂಗಳುಗಟ್ಟಲೆ ಮಾಡಿರಲಿಲ್ಲ.

"ಶೇಷ ಹದಿನಾಲ್ಕು ಲಕ್ಷ ಇಪ್ಪತ್ತೊಂಬತ್ತು ಸಾವಿರದ ಐನೂರಾ ಹದಿನಾಲ್ಕು. ನಿಮ್ಮದು?"

"ಸೊನ್ನಿ ರೀ ಸರ್."

ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಏಳಲು ಹೋದರು. ಅರ್ಧ ಎದ್ದವರು ನನ್ನ ಮುಖ ನೋಡಿ ಅಲ್ಲೇ ನಿಂತರು, ಆಮೇಲೆ ಮೆಲ್ಲಗೆ ಕೂತರು.

"ಸೊನ್ನಿ ಬಂದವರು ಹಿಂಗ ಕುಂದರೂದಿಲ್ರಿ ಅಕ್ಕಾರ. ನಿಮಗ ಮೊದಲ ಗೊತ್ತಿತ್ತು."

"ಹೂಂ ರೀ."

"ಗಿರಿಜಾಗ?"

ಅವಳು ಬಾಗಿಲಲ್ಲೇ ತಲೆ ತಗ್ಗಿಸಿದಳು.

"ಹುಡುಗರಿಗೆ?"

"ಎಲ್ಲಾರಿಗೂ ಗೊತ್ತೈತ್ರಿ. ನೀವು ಬರೂದನ್ನ ಕಾಯಾಕತ್ತಾರ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಎಷ್ಟೋ ಹೊತ್ತು ಒರೆಸಿದರು. "ನಾ ಒಬ್ಬಾಂವನ ಹೊಂಟೀನಿ ಅನಕೊಂಡಿದ್ದೆ. ನೀವೆಲ್ಲಾ ಮುಂದ ಹೋಗಿ ನಿಂತೀರಿ," ಅಂದರು. ಆಮೇಲೆ ಹೊಸ ಕಾಗದ ಎಳೆದುಕೊಂಡರು. "ಆತು. ಆದ್ರ ನನಗೂ ಬರಬೇಕಲ್ಲ. ಜೋಡಿ ಕೂಡಬೇಕು."

ಬರಲಿಲ್ಲ. ಆ ದಿನವೂ ಬರಲಿಲ್ಲ, ಮುಂದಿನ ಮೂರು ತಿಂಗಳೂ ಬರಲಿಲ್ಲ. ಉತ್ತರ ಗೊತ್ತಿದೆ, ದಾರಿ ಗೊತ್ತಿದೆ, ಕೈ ಮಾತ್ರ ಅಲ್ಲಿಗೆ ಒಯ್ಯುತ್ತಿಲ್ಲ. ಒಂದು ದಿನ ಗುಣಿಸುವುದರಲ್ಲಿ ತಪ್ಪು, ಒಂದು ದಿನ ಅಂಕಿ ಇಳಿಸುವುದರಲ್ಲಿ. ನನ್ನ ಕಾಗದವನ್ನು ಅವರ ಮೇಜಿನ ಮೇಲೆ ಮರೆತಂತೆ ಬಿಟ್ಟು ಹೋದರೆ, ಮರುದಿನ ಅದು ಮಡಚಿ ನನ್ನ ಕುರ್ಚಿಯ ಮೇಲೆ ಇರುತ್ತಿತ್ತು. ನೋಡಲು ಬಂದ ಇಮ್ತಿಯಾಜ್, "ಸರ್, ಬಿಡ್ರಿ, ಒಡದೈತಲ್ಲ. ಯಾಕ ತ್ರಾಸ ತಗೋತೀರಿ," ಅಂದ.

"ಟಾಯರ್ ಪಂಕ್ಚರ್ ಆಗೈತಿ ಅಂತ ಫೋನ್ ಹೇಳಿದ್ರ, ನೀ ತೂತು ಹುಡುಕದ ಬಿಡ್ತೀಯೇನೋ?"

ಅವನು ಕೆಳಗಿಳಿದು ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತ. ಅಷ್ಟು ದೊಡ್ಡ ಆಳು ಅಳುವುದನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಆಮೇಲೆ ನುಂಗಿದ್ದು ಶ್ವಾಸಕೋಶಕ್ಕೆ ಹೋಗಿ ಜ್ವರ ಬಂತು, ನೆಹರು ನಗರದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಗಿರಿಜಾಳನ್ನು ಹೊರಗೆ ಕರೆದು ಮಾತಾಡಿದ ದಿನ ನಾನು ಒಳಗೆ ಅವರ ಮಂಚದ ಬಾಜೂಕ ಕೂತಿದ್ದೆ. ಒಂದು ಕೈಯಲ್ಲಿ ಸಲಾಯಿನ್ ಸೂಜಿ, ಇನ್ನೊಂದು ಕೈ ಹೊದಿಕೆಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು.

"ಪೆನ್ಸಿಲ್ ಐತೇನ್ರಿ? ನೀವು ಬರೀರಿ. ನಾ ಹೇಳ್ತೀನಿ. ನಾ ಹೇಳಿದ್ದನ್ನ ಅಷ್ಟ ಬರೀಬೇಕು."

ನನ್ನ ಚೀಲದಲ್ಲಿದ್ದ ಕಾಗದದ ಮೇಲೆ ಹದಿನೇಳು ಒಂದು ಬರೆದೆ. ಅವರು ಕಣ್ಣು ಮುಚ್ಚಿಕೊಂಡರು. ನಿಧಾನಕ್ಕೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳತೊಡಗಿದರು. "ಐದ್ಲೆ." ಬರೆದೆ. ಕಳೆದು ಉಳಿದದ್ದು ಹೇಳಿದರು, ಸರಿ. "ಮೂರ್ಲೆ." ಸರಿ. "ಆರ್ಲೆ." ಅದೇ ಜಾಗ, ಒಂಬತ್ತರಿಂದ ಒಂದು ತರುವ ಜಾಗ. ಈ ಸಲ ಐದು ಅಂದರು. ಗಿರಿಜಾ ಒಳಗೆ ಬಂದು ಮಂಚದ ಆಚೆ ನಿಂತಳು, ಡಾಕ್ಟರು ಏನಂದರು ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ನಾಲ್ಕನೆಯದು ಸರಿ, ಐದನೆಯದು, ಆರನೆಯದು ಸರಿ. ಆ ಮೂರು ತಿಂಗಳಲ್ಲಿ ಅವರು ಇಷ್ಟು ದೂರ ತಪ್ಪಿಲ್ಲದೆ ಬಂದಿರಲಿಲ್ಲ.

ಏಳನೆಯದರಲ್ಲಿ ಉಳಿಯಬೇಕಾದದ್ದು ಏಳು ಲಕ್ಷ ಮೂವತ್ತೊಂಬತ್ತು ಸಾವಿರದ ಆರುನೂರಾ ಐದು.

"ಏಳು ಲಕ್ಷ ಮೂವತ್ತೊಂಬತ್ತು ಸಾವಿರದ ಆರುನೂರಾ... ಹದಿನೈದು," ಅಂದರು.

ಪೆನ್ಸಿಲ್ ನಿಂತಿತು. ನನಗೆ ನಾನು ಮಾಡಿದ ಲೆಕ್ಕ ಅಂಕಿ ಅಂಕಿಯೂ ಬಾಯಿಪಾಠವಾಗಿತ್ತು. ಗಿರಿಜಾಳಿಗೂ ಆಗಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ತುಟಿ ಅಲ್ಲಾಡಿಸಿ ಐದು, ಐದು ಅನ್ನುತ್ತಿದ್ದಳು. ಅವರ ಕಣ್ಣು ಮುಚ್ಚಿವೆ. ಒಂದು ಅಂಕಿ ತಿದ್ದಿದರೆ ಯಾರಿಗೂ ತಿಳಿಯುವುದಿಲ್ಲ, ಇನ್ನು ಮೂರು ಹೆಜ್ಜೆಗೆ ಸೊನ್ನೆ. ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ಸವೆದ ಕೈ ನನ್ನದು, ನನಗೆ ಅದೇನು ಕಷ್ಟವಲ್ಲ. ಆದರೆ ತಿದ್ದಿದರೆ ಅದು ನನ್ನ ಸೊನ್ನೆಯೇ ಎರಡು ಸಲ ಬಂದಂತೆ, ಅವರದಲ್ಲ. ಹೇಳಿದ್ದನ್ನಷ್ಟೇ ಬರೆಯಬೇಕು ಅಂದಿದ್ದರು. ನಾನು ಹದಿನೈದು ಬರೆದೆ. ಗಿರಿಜಾ ಕಣ್ಣಿಗೆ ಸೆರಗು ಹಿಡಿದಳು. ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು, ನನಗೇ ನನ್ನ ಮೇಲೆ ಬಂದಿತ್ತು.

ಉಳಿದದ್ದನ್ನು ಅವರು ತಪ್ಪಿಲ್ಲದೆ ಹೇಳಿ ಮುಗಿಸಿದರು.

"ಎಷ್ಟು ಉಳೀತ್ರಿ?"

"ಹತ್ತು ಸಾವಿರ ರೀ ಸರ್."

"ಸೊನ್ನಿ ಬರಲಿಲ್ಲ."

"ಇಲ್ರಿ."

ಕಣ್ಣು ತೆರೆದರು. ನಾನು ಹೆದರಿದ್ದು ಬೇರೆ, ಆದದ್ದು ಬೇರೆ. ಒಣಗಿದ ತುಟಿಯ ಮೇಲೆ ನಗು ಬಂತು, ಹುಡುಗರ ಮುಂದೆ ನಗುತ್ತಿದ್ದಂಥ ನಗು.

"ಜೋಡಿ ಕೂಡಲಿಲ್ಲ ಅಂದ ಮ್ಯಾಲ ಅದಿನ್ನೂ ಒಡದಿಲ್ಲ ಅಂದಂಗಾತಲ್ರಿ, ಅಕ್ಕಾರ?"

ಆ ಕಾಗದ ನನ್ನ ತೊಡೆಯ ಮೇಲೆ ಇತ್ತು, ಅದರ ಮೇಲಿನ ಸಾಲನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದೆ.

"ಇಲ್ರಿ ಸರ್," ಅಂದೆ. "ಹದಿನೇಳೂ ಹಂಗ ನಿಂತಾವು."